ಹೊಲಿದ ಬಾಯಿಯ ಚೆಂಡು

ನಾನು ಒಂದು ಕಾಲ್ಚೆಂಡು. ಈಗಿನ ಚೆಂಡುಗಳಂತೆ ನಯವಾದ ಮೈ ನನ್ನದಲ್ಲ. ನನಗೆ ಬಾಯಿತ್ತು. ಜಲಂಧರದ ಓಣಿಯೊಂದರಲ್ಲಿ ಒಬ್ಬ ಮುದುಕ ಹದಿನೆಂಟು ಚರ್ಮದ ತುಂಡುಗಳನ್ನು ಒಳಮೈ ಹೊರಗಾಗಿ ಹೊಲಿದು, ಕೊನೆಗೆ ಉಳಿಸಿದ ಒಂದು ಸೀಳಿನಿಂದ ನನ್ನನ್ನು ಮಗುಚಿದ. ಅದೇ ಸೀಳಿನಲ್ಲಿ ರಬ್ಬರಿನ ಚೀಲ ತೂರಿಸಿ, ಗಾಳಿ ತುಂಬಿ, ಚರ್ಮದ ದಾರದಿಂದ ಬಾಯಿ ಬಿಗಿದ. ಆ ದಾರವನ್ನು ಆಟಗಾರರು ಲೇಸ್ ಎನ್ನುತ್ತಿದ್ದರು. ಅದು ಬೆರಳಿನ ಗೆಣ್ಣಿನಷ್ಟು ಉಬ್ಬಿಕೊಂಡಿತ್ತು. ನನ್ನ ಕಥೆಯೆಲ್ಲ ಆ ಉಬ್ಬಿನದೇ.

ಬೆಂಗಳೂರಿನ ದಂಡು ಪ್ರದೇಶದ ಕಾರ್ಖಾನೆಯೊಂದು ನನ್ನನ್ನು ತರಿಸಿಕೊಂಡಿತು. ಆಗ ಕಾರ್ಖಾನೆಗಳಿಗೆ ಫುಟ್‌ಬಾಲ್ ತಂಡಗಳಿದ್ದವು. ಆಡುವವರಿಗೆ ಕೆಲಸ ಕೊಡುತ್ತಿದ್ದರು. ಬೆಳಿಗ್ಗೆ ಯಂತ್ರ, ಸಂಜೆ ಮೈದಾನ. ಸ್ಟೋರಿನ ಗೌಸ್ ಸಾಹೇಬರು ವಾರಕ್ಕೊಮ್ಮೆ ನನ್ನ ಮೈಗೆ ಕೊಬ್ಬು ಸವರುತ್ತಿದ್ದರು. ಎಷ್ಟು ಸವರಿದರೂ ಮಳೆ ಬಂದರೆ ನಾನು ನೀರು ಕುಡಿದು ಒದ್ದೆ ಮಣ್ಣಿನ ಮುದ್ದೆಯಷ್ಟು ಭಾರವಾಗುತ್ತಿದ್ದೆ.

ಅಂಥ ನನ್ನನ್ನು ಹಣೆಯಿಂದ ಹೊಡೆಯುವವನು ಮುನಿವೆಂಕಟ. ಲೇತ್ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ನಿಲ್ಲುತ್ತಿದ್ದ ಅದೇ ಮನುಷ್ಯ ಗೋಲಿನ ಎದುರು ನೆಲ ಬಿಟ್ಟು ಮೇಲೇಳುತ್ತಿದ್ದ; ಎದ್ದು, ಒಂದು ಕ್ಷಣ ಅಲ್ಲೇ ನಿಂತು, ನಾನು ಬರುವುದನ್ನು ಕಾಯುತ್ತಿದ್ದ. ಹಾಗೆ ಗಾಳಿಯಲ್ಲಿ ನಿಂತ ಇನ್ನೊಬ್ಬರನ್ನು ನಾನು ಕಂಡಿಲ್ಲ. ಮೂಲೆಯಿಂದ ನನ್ನನ್ನು ಅವನತ್ತ ಕಳಿಸುವವನು ಸೆಲ್ವರಾಜ್, ಅವನಿಗಿಂತ ಮೂರು ವರ್ಷ ಚಿಕ್ಕವನು. ಉಳಿದವರು ಮನೆಗೆ ಹೋದ ಮೇಲೆ ಇಬ್ಬರೂ ಉಳಿಯುತ್ತಿದ್ದರು. ದಿನಕ್ಕೆ ಐವತ್ತು ಸಲ, ಮೂಲೆಯಿಂದ ಹಣೆಗೆ, ಹಣೆಯಿಂದ ಬಲೆಗೆ.

ಮೊದಲ ವಾರವೇ ನನ್ನ ಲೇಸ್ ಅವನ ಹಣೆ ಸೀಳಿತು. ಸೆಲ್ವ ಓಡಿ ಬಂದ.

"ಅಣ್ಣಾ, ರಕ್ತ."

"ನೋಡಿದ್ನಲ್ಲ. ಚೆಂಡಿಗೆ ಬಾಯೈತೆ, ಕಚ್ತದೆ. ಅದರ ಬಾಯಿ ನನ್ ಕಡೆ ಮಾಡಿ ಇಡೋನಿಗೆ ಬುದ್ಧಿ ಬೇಡ್ವೇನಲಾ?"

ಅಂದಿನಿಂದ ಸೆಲ್ವ ನನ್ನನ್ನು ಮೂಲೆಯ ಗೆರೆಯ ಮೇಲೆ ಸುಮ್ಮನೆ ಇಡಲಿಲ್ಲ. ಬಗ್ಗಿ, ಲೇಸ್ ತನ್ನ ಕಡೆ ಬರುವಂತೆ ತಿರುಗಿಸಿ, ಗಾಳಿಯಲ್ಲಿ ನಾನು ಉರುಳದ ಹಾಗೆ ನೇರವಾಗಿ ಒದೆಯುತ್ತಿದ್ದ. ಹಾಗೆ ಒದೆಯಬೇಕಾದರೆ ಉಬ್ಬಿನ ಮೇಲೇ ಒದೆಯಬೇಕು. ಬೂಟಿನ ಚರ್ಮ ತೆಳುವಾಗಿತ್ತು. ಗೆಳೆಯನ ಹಣೆಗೆ ಬೀಳಬೇಕಾದ ಪೆಟ್ಟನ್ನು ಅವನು ತನ್ನ ಪಾದಕ್ಕೆ ತೆಗೆದುಕೊಂಡ, ಹನ್ನೊಂದು ವರ್ಷ. ಈ ಮಾತು ಸೆಲ್ವನಿಗೆ ಮತ್ತು ನನಗೆ ಮಾತ್ರ ಗೊತ್ತು ಎಂದುಕೊಂಡಿದ್ದೆ. ಗ್ಯಾಲರಿಯಲ್ಲಿ ಕೂಗುವವರಿಗೆ ಗೊತ್ತಿರಲಿಲ್ಲ.

ಕಪ್ಪಿನ ಫೈನಲ್ ದಿನ ಜೋರು ಮಳೆ. ಸೆಲ್ವನ ಮಂಡಿ ಊದಿಕೊಂಡಿತ್ತು. ಇಂಜೆಕ್ಷನ್ ಚುಚ್ಚಿಸಿಕೊಂಡು ಇಳಿದಿದ್ದ. ಆಟ ಮುಗಿಯಲು ಐದು ನಿಮಿಷವಿರುವಾಗ ಅವನು ಕೆಸರಿನಲ್ಲಿ ಬಗ್ಗಿ ನನ್ನನ್ನು ತಿರುಗಿಸಿಟ್ಟ. ಮುನಿವೆಂಕಟ ಎದ್ದ, ನಿಂತ, ಹೊಡೆದ. ಬಲೆಯಲ್ಲಿ ಬಿದ್ದಿದ್ದ ನಾನು ನೋಡುತ್ತಿದ್ದೆ: ಗೋಲು ಹೊಡೆದವನು ಕುಣಿಯುವುದನ್ನು ಬಿಟ್ಟು ನೆಟ್ಟಗೆ ನಡೆದು ಎದುರಾಳಿಗಳ ಸಾಲಿನಲ್ಲಿ, ಅವರೇ ತನ್ನವರೆಂಬಂತೆ, ಹೋಗಿ ನಿಂತ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಈಗ ನನ್ನನ್ನು ಕಚ್ಚುತ್ತದೆ.

ಕಪ್ಪು ಕಾರ್ಖಾನೆಗೆ ಹೋಯಿತು, ನಾನು ಮುನಿವೆಂಕಟನ ಮನೆಗೆ. ತಂಡ ಮುಚ್ಚಿತು, ಆಮೇಲೆ ಕಾರ್ಖಾನೆಯೂ. ಅವನ ಭಾವಮೈದ ಪಾಪಣ್ಣ ತನ್ನ ಸಲೂನಿನಲ್ಲಿ ನನ್ನನ್ನು ಗಾಜಿನ ಪೆಟ್ಟಿಗೆಯಲ್ಲಿ ಇರಿಸಿಕೊಂಡ. ಒಳಗಿನ ರಬ್ಬರು ಒಡೆದು ನಾನು ಕುಗ್ಗಿದಾಗ, ಕೈಗೆ ಸಿಕ್ಕಿದ್ದನ್ನು ತುಂಬಿ ಬಾಯಿ ಬಿಗಿದ. ಸಲೂನಿನಲ್ಲಿ ಕೈಗೆ ಸಿಗುವುದು ಕೂದಲು. ಅಂದಿನಿಂದ ನನ್ನ ಹೊಟ್ಟೆಯಲ್ಲಿ ಆ ಬೀದಿಯ ಗಂಡಸರೆಲ್ಲ ಇದ್ದಾರೆ. ಮುನಿವೆಂಕಟನ ಕೂದಲೂ ಇದೆ, ಕಪ್ಪಗಿದ್ದ ಕಾಲದ್ದು. ಕ್ಷೌರಕ್ಕೆ ಬಂದವರು ನನ್ನನ್ನು ತೋರಿಸಿ ಫೈನಲ್ ಕಥೆ ಹೇಳುತ್ತಿದ್ದರು. ಪ್ರತಿ ಸಲವೂ ಅವನು ಇನ್ನೊಂದು ಅಡಿ ಎತ್ತರ ಏಳುತ್ತಿದ್ದ. ಅದು ಸುಳ್ಳೆಂದು ನನಗೆ ಅನ್ನಿಸಲಿಲ್ಲ.

ರಸ್ತೆ ಅಗಲ ಮಾಡುವಾಗ ಸಲೂನ್ ಹೋಯಿತು. ನಾನು ಮತ್ತೆ ಅವನ ಮನೆಗೆ ಬಂದೆ. ಅಷ್ಟರಲ್ಲಿ ಅವನು ಮರೆಯಲು ತೊಡಗಿದ್ದ. ಮೊದಲು ಬೀಗದ ಕೈ, ಆಮೇಲೆ ಬೀದಿ, ಆಮೇಲೆ ಮಗಳ ಹೆಸರು. ಮಗಳು ಜಲಜಾ ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಡಾಕ್ಟರು ಎಲ್ಲ ಕೇಳಿ, ಎಷ್ಟು ವರ್ಷ ತಲೆಯಿಂದ ಆಡಿದರು ಎಂದು ವಿಚಾರಿಸಿದರಂತೆ. ಮನೆಗೆ ಬಂದವಳು ನನ್ನನ್ನು ಕೈಗೆತ್ತಿಕೊಂಡು, ತೂಗಿ ನೋಡಿ, ಸಜ್ಜದ ಮೇಲೆ ಎಸೆದಳು. ತಪ್ಪಿಲ್ಲ. ಅವಳಿಗೆ ಅವಳ ಅಪ್ಪನನ್ನು ಸ್ವಲ್ಪಸ್ವಲ್ಪವೇ ಇಲ್ಲವಾಗಿಸಿದ್ದು ನಾನು. ದಿನಕ್ಕೆ ಐವತ್ತು ಸಲದಂತೆ.

ಸೆಲ್ವ ಭಾನುವಾರಗಳಂದು ಬರುತ್ತಿದ್ದ. ಎರಡು ಬಸ್ಸು ಬದಲಿಸಿ, ಮಡಚದ ಮಂಡಿಯನ್ನು ಎಳೆದುಕೊಂಡು. ವಾರವಿಡೀ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿ ಕೆಲಸ. ಮುನಿವೆಂಕಟ ಅವನನ್ನು ಕರೆಂಟಿನವನೆಂದು ತಿಳಿದು, ಮೀಟರ್ ಹೊರಗಡೆ ಇದೆ ಎನ್ನುತ್ತಿದ್ದ. ಆರು ತಿಂಗಳು ಹೀಗೇ ನಡೆಯಿತು.

"ಇವತ್ತೇ ಕೊನೆ ಜಲಜಾ," ಅಂದ ಸೆಲ್ವ ಒಂದು ದಿನ. "ಒಂದ್ಸಲ ಸೆಲ್ವ ಅಂದ್ಬಿಟ್ರೆ ಸಾಕು. ಇಲ್ಲಾಂದ್ರೆ ಈ ಕಾಲು ಇಟ್ಕೊಂಡು ನಾನು ಮತ್ತೆ ಬರಲ್ಲಮ್ಮ. ಆ ಚೆಂಡು ಕೊಡು."

"ಅದನ್ನ ಮುಟ್ಟಬೇಡಿ ಮಾಮ. ಅಪ್ಪನ್ನ ತಿಂದಿದ್ದು ಅದೇ."

"ತಿನ್ನಿಸಿದ್ದು ನಾನು. ಕೊಡು."

ಅವಳು ಸ್ಟೂಲ್ ಹತ್ತಿ ನನ್ನನ್ನು ಇಳಿಸಿದಳು.

ಅಂಗಳವೆಂದರೆ ನಾಲ್ಕು ಚಪ್ಪಡಿಗಳ ಜಾಗ. ಮುನಿವೆಂಕಟ ಕುರ್ಚಿಯಲ್ಲಿ ಕುಳಿತಿದ್ದ. ಸೆಲ್ವ ಒಂದು ಕಾಲು ಚಾಚಿ, ಗೋಡೆ ಹಿಡಿದು ಬಗ್ಗಿ, ನನ್ನನ್ನು ಅವನೆದುರು ಇಟ್ಟ. ಸೆಲ್ವನ ಕಣ್ಣಿಗೆ ಪೊರೆ ಬಂದಿತ್ತು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಮಾಡದ ತಪ್ಪನ್ನು ಅಂದು ಮಾಡಿದ. ನನ್ನ ಬಾಯಿ ಮುನಿವೆಂಕಟನ ಕಡೆಗಿತ್ತು.

ಮುನಿವೆಂಕಟ ನನ್ನನ್ನು ನೋಡಿದ. ಹುಬ್ಬು ಗಂಟಿಕ್ಕಿತು. ಕೈ ಹಣೆಗೆ ಹೋಗಿ, ಹಳೆಯ ಕಲೆಯ ಮೇಲೆ ನಿಂತಿತು.

"ಯಾರಲಾ ಇಟ್ಟೋನು?"

ಸೆಲ್ವ ತಲೆ ಎತ್ತಿದ. "ನಾನಣ್ಣ."

"ಹೊಸಬ್ನಾ? ಲೇಸ್ ಈ ಕಡೆ ಮಾಡಿ ಇಟ್ಟಿದ್ದೀಯಲ್ಲ, ನನ್ ತಲೆ ಒಡೀಬೇಕು ಅಂತಾನಾ? ನಮ್ ಸೆಲ್ವ ಅವ್ನೆ, ಅವನ್ನ ಕೇಳು. ಒಂದ್ ದಿನ ಹಿಂಗ್ ಇಟ್ಟೋನಲ್ಲ. ನೋವೆಲ್ಲ ತನ್ ಕಾಲಿಗೇ ಎಳ್ಕೊಂಡ, ಒಂದ್ಸಲನೂ ಬಾಯ್ಬಿಟ್ಟು ಹೇಳ್ಲಿಲ್ಲ. ನಂಗೆ ಗೊತ್ತಾಗ್ಲಿಲ್ಲ ಅನ್ಕೊಂಡವ್ನೆ, ಬಡ್ಡೀಮಗ."

ಬಾಗಿಲಲ್ಲಿ ಜಲಜಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೇಳಿಬಿಡಿ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದಳು. ಸೆಲ್ವ ಹೇಳಲಿಲ್ಲ. ಮತ್ತೆ ಗೋಡೆ ಹಿಡಿದು ಬಗ್ಗಿ, ಎರಡು ಕೈಯಲ್ಲೂ ನನ್ನನ್ನು ತಿರುಗಿಸಿ, ಲೇಸನ್ನು ತನ್ನ ಕಡೆ ಮಾಡಿಕೊಂಡ.

"ಹಿಂಗಾ ಅಣ್ಣ?"

"ಹಂಗೆ. ನಾಳೆನೂ ಬಾ, ಕಲೀತೀಯ."

"ನಾಳೆ ಡ್ಯೂಟಿ ಐತೆ. ಭಾನುವಾರ ಬರ್ತೀನಿ."

ಈಗ ನಾನು ಸಜ್ಜದ ಮೇಲಿಲ್ಲ. ಮುನಿವೆಂಕಟನ ಕುರ್ಚಿಯ ಕೆಳಗೆ ನನ್ನ ಜಾಗ. ಕಸ ಗುಡಿಸುವಾಗ ಜಲಜಾ ಪೊರಕೆಯಿಂದ ನನ್ನನ್ನು ಸರಿಸುತ್ತಾಳೆ. ಅವಳು ನನ್ನನ್ನು ಕ್ಷಮಿಸಿಲ್ಲ, ಕ್ಷಮಿಸಬೇಕಾಗಿಯೂ ಇಲ್ಲ. ಆದರೆ ಮತ್ತೆ ಇಡುವಾಗ ಒಂದು ಗಳಿಗೆ ಬಗ್ಗಿ, ಲೇಸ್ ಅಪ್ಪನ ಕಡೆಗಿಲ್ಲವೆಂದು ನೋಡಿಕೊಳ್ಳುತ್ತಾಳೆ.