ಸೋರದ ನೀರು

ಟ್ಯೂಬು ಫಿಟ್ಟಿಂಗಿಗೆ ಕೂರಲಿಲ್ಲ.

ಚನ್ನೇಶ ಇನ್ನೊಮ್ಮೆ ಒತ್ತಿದ. ಹೆಬ್ಬೆರಳ ಉಗುರಿನ ಸುತ್ತ ಕೆಂಪಾಯಿತು. ಫಿಟ್ಟಿಂಗಿನ ಮೂತಿ ಸ್ವಲ್ಪ ದಪ್ಪ, ಟ್ಯೂಬಿನ ಬಾಯಿ ಸ್ವಲ್ಪ ಸಣ್ಣ. ಎರಡೂ ಒಂದೇ ಡಬ್ಬಿಯಲ್ಲಿ ಬಂದವು, ಒಂದಕ್ಕೊಂದು ಕೂಡಲೆಂದೇ ಮಾಡಿದವು. ಹಾಗೆ ಮಾಡಿದ ಮಾತ್ರಕ್ಕೆ ಕೂಡಲೇಬೇಕೆಂದು ಏನಿದೆ ಎಂದುಕೊಂಡ. ಆ ಯೋಚನೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಗೊತ್ತಿದ್ದರಿಂದ ಅದನ್ನು ಅಲ್ಲಿಗೇ ಬಿಟ್ಟ.

ಫೋನಿನಲ್ಲಿ ನೋಡಿದ ವೀಡಿಯೊದಲ್ಲಿ ಟ್ಯೂಬಿನ ತುದಿಯನ್ನು ಬಿಸಿನೀರಿಗೆ ಅದ್ದಿ ಮೆದು ಮಾಡಿಕೊಳ್ಳಿ ಎಂದಿದ್ದರು.

“ಅಮ್ಮ, ಒಂದು ಲೋಟ ಬಿಸಿನೀರು.”

“ಗಂಟಲು ನೋವೇನಪ್ಪಾ?” ಗಂಗಾಂಬಿಕೆ ಅಡುಗೆಮನೆಯಿಂದಲೇ ಕೇಳಿದಳು.

“ಅಲ್ಲ.”

“ಮತ್ಯಾಕೆ?”

“ಬೇಕು.”

ಬಿಸಿನೀರು ಬಂತು. ಅದರಲ್ಲಿ ಉಪ್ಪು ಬೆರೆಸಿತ್ತು. ಅವನು ಅದನ್ನು ಸಿಂಕಿಗೆ ಚೆಲ್ಲಿ, ತಾನೇ ಇನ್ನೊಂದು ಲೋಟ ಕಾಯಿಸಿಕೊಂಡ.

ಅವನು ಜೋಡಿಸುತ್ತಿದ್ದ ಕಂಪ್ಯೂಟರು ಊಟದ ಮೇಜನ್ನು ಆಕ್ರಮಿಸಿ ತಿಂಗಳಾಗಿತ್ತು. ಒಂದು ಕಡೆ ಗಾಜಿನ ಗೋಡೆಯಿರುವ ಕರಿಯ ಪೆಟ್ಟಿಗೆ. ಒಳಗೆ ಒಂದು ಪಂಪು, ಅದರ ತಲೆಯ ಮೇಲೆ ನೀರು ತುಂಬುವ ಪಾರದರ್ಶಕ ಟ್ಯಾಂಕು, ಛಾವಣಿಗೆ ರೇಡಿಯೇಟರು. ನೀರು ಪಂಪಿನಿಂದ ಹೊರಟು, ಕಾದ ಪ್ರಾಸೆಸರಿನ ಬಿಸಿ ಹೀರಿಕೊಂಡು, ರೇಡಿಯೇಟರಿನಲ್ಲಿ ತಣ್ಣಗಾಗಿ, ಮತ್ತೆ ಪಂಪಿಗೇ ಬರಬೇಕು. ಹೊರಗಿನಿಂದ ಏನೂ ಬೇಡ, ಹೊರಗೆ ಏನೂ ಹೋಗಕೂಡದು. ಅಮ್ಮ ಮಗ ಇಬ್ಬರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಟೀವಿಯ ಮುಂದೆ ಉಣ್ಣುತ್ತಿದ್ದರು.

ಚನ್ನೇಶ ಗುಬ್ಬಿಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ಇಂಥ ಯಂತ್ರ ಕಟ್ಟುವವರು ಕಂಪ್ಯೂಟರ್ ಆಟಗಳ ಹುಚ್ಚಿನವರು; ಆ ಹುಚ್ಚು ಅವನಿಗೆ ಎಂದೂ ಇರಲಿಲ್ಲ. ಚದುರಂಗಕ್ಕೆ ಕೂತರೂ ನಿದ್ದೆ ಬರುತ್ತಿತ್ತು. ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು ಫೋನು ನೋಡುತ್ತಿದ್ದಾಗ ಯಾವನೋ ಒಬ್ಬ ದೂರದೇಶದವನು ಇಂಥದೊಂದು ಪೆಟ್ಟಿಗೆ ಕಟ್ಟುವುದು ಕಂಡಿತು. ಕೊನೆಗೆ ನೀರು ಬಿಟ್ಟಾಗ ಅದು ಗಾಜಿನ ಹಿಂದೆ ಸದ್ದಿಲ್ಲದೆ ಸುತ್ತತೊಡಗಿತು. ಚನ್ನೇಶನ ಅನ್ನ ತಣ್ಣಗಾಯಿತು. ಪ್ರತಿಯೊಂದು ಕೀಲೂ ಕಣ್ಣಿಗೆ ಕಾಣುತ್ತದೆ, ತಪ್ಪಾದರೆ ಎಲ್ಲಿ ತಪ್ಪಾಯಿತೆಂದು ಬೆರಳಿಟ್ಟು ತೋರಿಸಬಹುದು! ಅವನಿಗೆ ಹೊಟ್ಟೆಕಿಚ್ಚಾಯಿತು.

“ನೀವು ಒಂದು ಕೆಲಸ ಶುರು ಮಾಡಿ ಮುಗ್ಸಿದ್ದನ್ನ ನಾನು ನೋಡೇ ಇಲ್ಲ ಕಣ್ರಿ,” ಎಂದು ಹೆಂಡತಿ ಪಲ್ಲವಿ ಒಮ್ಮೆ ಹೇಳಿದ್ದಳು. ಜಗಳದಲ್ಲಿ ಹೇಳಿದ್ದರೆ ಮರೆಯಬಹುದಿತ್ತು. ಹುರುಳಿಕಾಯಿ ಮುರಿಯುತ್ತ, ಮಳೆ ಬರುವ ಹಾಗಿದೆ ಎನ್ನುವಷ್ಟೇ ಸಹಜವಾಗಿ ಹೇಳಿದ್ದಳು. ಸುಳ್ಳೇನೂ ಅಲ್ಲ. ಅವನ ಪಿಎಚ್.ಡಿ. ಪ್ರಬಂಧ ಮೂರನೆಯ ಅಧ್ಯಾಯದಲ್ಲಿ ಮಲಗಿತ್ತು. ದೇವರಾಯನದುರ್ಗದಲ್ಲಿ ನಕ್ಷತ್ರ ನೋಡಲೆಂದು ತಂದ ದೂರದರ್ಶಕಕ್ಕೆ ಇನ್ನೂ ಕಾಲು ಜೋಡಿಸಿರಲಿಲ್ಲ.

ಪಲ್ಲವಿ ಕುಣಿಗಲ್ಲಿನಲ್ಲಿ ಹೈಸ್ಕೂಲು ಟೀಚರು. ಜೂನ್ ತಿಂಗಳಲ್ಲಿ ‘ಓಡಾಟ ಕಷ್ಟ’ ಎಂದು ಅಲ್ಲೇ ರೂಮು ಮಾಡಿದ್ದಳು. ಇಲ್ಲಿ ತುಮಕೂರಿನಿಂದ ಕುಣಿಗಲ್ಲಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವವರು ಬೇಕಾದಷ್ಟು ಜನ. ಅದು ಅವನಿಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ಯಾರೂ ಆ ಮಾತೆತ್ತಲಿಲ್ಲ.

ಮೊನ್ನೆ ಅವಳು ಫೋನು ಮಾಡಿದ್ದಳು.

“ಶನಿವಾರ ಸ್ಕೂಲು ಅರ್ಧ ದಿನ. ಮುಗಿಸ್ಕೊಂಡು ಬರ್ತೀನಿ.”

“ಸರಿ.”

“ಇಲ್ಲಿ ಒಂದು ಮನೆ ನೋಡಿದೀನಿ. ರೂಮಲ್ಲ, ಮನೆ. ಬೇಕೋ ಬೇಡ್ವೋ ಅಂತ ಶನಿವಾರ ಸಂಜೆ ಓನರಿಗೆ ಹೇಳ್ಬೇಕು.”

“ಓ.”

“ಅಷ್ಟರೊಳಗೆ ನೀವೇನಾದ್ರೂ ಹೇಳೋದಿದ್ರೆ ಹೇಳಿ.”

ಮನೆ ಬೇಡ, ಬಂದುಬಿಡು. ಇಷ್ಟೇ ಹೇಳಬೇಕಾಗಿದ್ದದ್ದು. ಆ ಮಾತು ಗಂಟಲವರೆಗೆ ಬಂದದ್ದೂ ನಿಜ. ಆದರೆ ಬಾಯಿಂದ ಹೊರಬಿದ್ದದ್ದು ಬೇರೆಯೇ: “ಶನಿವಾರಕ್ಕೆ ಮಿಷಿನ್ನು ರೆಡಿ ಇರುತ್ತೆ.”

“ಸರಿ,” ಎಂದು ಅವಳು ಫೋನಿಟ್ಟಳು.

ಇವತ್ತು ಶನಿವಾರ. ಟ್ಯೂಬು ಬಿಸಿನೀರಿಗೆ ಮೆತ್ತಗಾಗಿ ಫಿಟ್ಟಿಂಗಿಗೆ ಕೂತಿತು. ಚನ್ನೇಶ ಟ್ಯೂಬಿನ ಮೇಲೆ ಕೂರುವ ಕೊನೆಯ ಕಾಲರ್ ಬಳೆಯನ್ನು ತಿರುಗಿಸಿ ಬಿಗಿ ಮಾಡಿದ. ಇನ್ನು ನೀರು ತುಂಬುವುದೊಂದೇ ಬಾಕಿ. ಇದು ಓಡುತ್ತಿರುವುದನ್ನು ಅವಳು ನೋಡಿದರೆ ಸಾಕು, ಮಾತಿನ ಅಗತ್ಯವೇ ಬೀಳುವುದಿಲ್ಲ ಎಂದು ಅವನು ನಂಬಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದರು. ಹೇಳಿಕೊಟ್ಟವರೆಲ್ಲ ಬೇಕಾದಷ್ಟು ಮಾತಾಡಿಕೊಂಡೇ ಬದುಕಿದರು. ಇವನೊಬ್ಬ ಅದನ್ನು ಅಕ್ಷರಶಃ ಪಾಲಿಸಿದ.

ಮೇಜಿನ ಕೆಳಗಿದ್ದ ಡಿಸ್ಟಿಲ್ಡ್ ವಾಟರಿನ ಕ್ಯಾನು ಎತ್ತಿದ. ಹಗುರಾಗಿತ್ತು. ತಳದಲ್ಲಿ ಒಂದಿಷ್ಟು ನೀರು ಕುಲುಕಾಡಿತು.

“ಅಮ್ಮ! ಈ ನೀರು ಯಾರು ಮುಟ್ಟಿದ್ದು?”

ಗಂಗಾಂಬಿಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಹಣೆಯ ಮೇಲೆ ಬೆಳಗಿನ ವಿಭೂತಿ ಹಾಗೇ ಇತ್ತು.

“ನಾನೇ ಕಣಪ್ಪ. ಪೂಜೆಗೆ ತಗೊಂಡೆ.”

“ಪೂಜೆಗಾ?”

“ಸೋಮವಾರದಿಂದ ಅದ್ರಲ್ಲೇ ಲಿಂಗಕ್ಕೆ ಮಜ್ಜನ ಮಾಡಿಸ್ತಿದೀನಿ. ನೀನೇ ಹೇಳ್ದಲ್ಲ, ಇದಕ್ಕಿಂತ ಶುದ್ಧವಾದ ನೀರು ಲೋಕದಲ್ಲೇ ಇಲ್ಲ, ಇದ್ರಲ್ಲಿ ಒಂದು ಕಣಾನೂ ಇಲ್ಲ ಅಂತ.”

ಹೇಳಿದ್ದ. ನಲ್ಲಿ ನೀರಿದ್ದಾಗ ದುಡ್ಡು ಕೊಟ್ಟು ನೀರು ತರುವುದೇತಕ್ಕೆ ಎಂದು ಅವಳು ಕೇಳಿದಾಗ, ಬಾಯಿ ಮುಚ್ಚಿಸಲು ಹೇಳಿದ್ದ. ನಲ್ಲಿಯಲ್ಲಿ ಕ್ಲೋರಿನ್ ವಾಸನೆ, ಬೋರಿನಲ್ಲಿ ಬಿಳಿ ಗಸಿ, ಲಿಂಗಕ್ಕೆ ಎರೆಯಲು ಒಳ್ಳೆಯ ನೀರೇ ಇಲ್ಲ ಎಂದು ಕೊರಗುತ್ತಿದ್ದ ಹೆಂಗಸು ಮಗನ ಮಾತನ್ನು ನಂಬಿಬಿಟ್ಟಳು.

“ಅದು ಇನ್ವರ್ಟರ್ ಬ್ಯಾಟರಿಗೆ ಹಾಕೋ ನೀರಮ್ಮ! ಕುಡಿದ್ಯಾ?”

“ಪಾದೋದಕ ಕುಡೀದೆ ಚೆಲ್ತಾರೇನೋ? ಒಂದೊಂದು ಗುಟುಕು. ರುಚೀನೇ ಇರ್ಲಿಲ್ಲ. ಶುದ್ಧ ಅಂದ್ರೆ ಹಿಂಗೇ ಇರುತ್ತೇನೋ ಅಂದ್ಕೊಂಡೆ.”

ಹೊಟ್ಟೆನೋವು ಬಂತಾ, ವಾಂತಿ ಆಯಿತಾ ಎಂದು ಅವನು ಕೇಳಬೇಕಿತ್ತು. ಅವನ ತಲೆಯಲ್ಲಿ ಓಡುತ್ತಿದ್ದದ್ದು ಟ್ಯಾಂಕು ತುಂಬಲು ಇನ್ನೆಷ್ಟು ನೀರು ಬೇಕೆಂಬ ಲೆಕ್ಕ. ಅದು ಗೊತ್ತಾಗಿ ನಾಚಿಕೆಯಾಯಿತು. ಆದರೂ ಲೆಕ್ಕ ನಿಲ್ಲಲಿಲ್ಲ.

“ಏನಾಗಲ್ಲ ಬಿಡು,” ಎಂದು ಸ್ಕೂಟರಿನ ಕೀಲಿ ತಗೊಂಡ.

ಊರೊಳಗಿನ ಗುಬ್ಬಿ ಗೇಟಿನ ಬಳಿ ರಂಗರಾಜುವಿನ ಬ್ಯಾಟರಿ ಅಂಗಡಿಗೆ ಅರ್ಧ ಷಟರು ಎಳೆದಿತ್ತು. ಒಳಗೆ ಯಾರೂ ಇರಲಿಲ್ಲ. “ಊಟಕ್ಕೋದ್ರು. ಮೂರು ಗಂಟೆ ಆಗತ್ತೆ ಸಾ,” ಎಂದ ಪಕ್ಕದ ಪಂಕ್ಚರ್ ಅಂಗಡಿಯವನು.

ಇನ್ನೊಂದು ಅಂಗಡಿ ಹುಡುಕುತ್ತ ಬಸ್ ನಿಲ್ದಾಣದವರೆಗೂ ಬಂದ. ಅಲ್ಲಿ ಕುಣಿಗಲ್ ಬಸ್ಸು ಆಗಷ್ಟೇ ಬಂದು ನಿಂತಿತ್ತು. ಇಳಿಯುವವರ ನಡುವೆ ಪಲ್ಲವಿ ಕಂಡಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಆ ಕಡೆ ಈ ಕಡೆ ನೋಡಿದಳು. ಭುಜಕ್ಕೆ ಎಂದಿನ ಬ್ಯಾಗು; ಕಂಕುಳಲ್ಲಿ, ಮಡಿಚಿ ಹಿಡಿದ ಎರಡು ದೊಡ್ಡ ಚೀಲ. ಖಾಲಿ ಚೀಲ.

ಹೆಸರು ಹಿಡಿದು ಕೂಗಿದ್ದರೆ ಕೇಳುತ್ತಿತ್ತು. ಹಿಂದೆ ಕೂರಿಸಿಕೊಂಡು ಮನೆಗೆ ಕರೆದೊಯ್ಯುವುದು ಗಂಡನಾದವನು ಮಾಡುವ ಅತಿ ಸಾಮಾನ್ಯ ಕೆಲಸ. ಆದರೆ ನೀರು ತುಂಬಿರಲಿಲ್ಲ. ಅರ್ಧ ಆದದ್ದನ್ನೇ ಮತ್ತೆ ತೋರಿಸಬೇಕಾಗುತ್ತದೆ. ಚನ್ನೇಶ ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು ಗಾಡಿ ತಿರುಗಿಸಿದ. ಅವಳು ಆಟೋದವನ ಜೊತೆ ಚೌಕಾಸಿ ಮಾಡುವುದರೊಳಗೆ ಮನೆ ಸೇರಬೇಕೆಂದು ಗಾಡಿಯ ವೇಗ ಹೆಚ್ಚಿಸಿದ. ಸ್ವಂತ ಹೆಂಡತಿಯಿಂದ ತಪ್ಪಿಸಿಕೊಂಡು ಓಡುತ್ತಿದ್ದೇನೆ, ಅದೂ ಅವಳನ್ನು ಉಳಿಸಿಕೊಳ್ಳಲಿಕ್ಕಾಗಿ ಎನಿಸಿ ಹೆಲ್ಮೆಟ್ಟಿನೊಳಗೆ ಒಬ್ಬನೇ ನಕ್ಕ.

ಮನೆಗೆ ಬಂದಾಗ ಅಮ್ಮ ತಾಮ್ರದ ತಂಬಿಗೆ ಹಿಡಿದು ನಿಂತಿದ್ದಳು.

“ಇದೂ ಅದೇ ನೀರು ಕಣೋ. ನಾಳೆ ಪೂಜೆಗೆ ಅಂತ ತೆಗ್ದಿಟ್ಟಿದ್ದೆ. ಹಾಕ್ಕೊ. ನಾಳೆಗೆ ನಲ್ಲಿ ನೀರೇ ಆಯ್ತು, ಲಿಂಗಯ್ಯ ಬೇಜಾರು ಮಾಡ್ಕೊಳಲ್ಲ.”

ತಂಬಿಗೆಯ ತಳದಲ್ಲಿ ಬಿಳಿಯ ಪುಡಿ ಕೂತಿತ್ತು. ವಿಭೂತಿ ಮೆತ್ತಿದ ಕೈಯನ್ನು ಅದ್ದಿದ್ದಳು. ಒಂದು ಕಣವೂ ಇರಬಾರದು ಎಂದು ವೀಡಿಯೊದವನು ಮತ್ತೆ ಮತ್ತೆ ಹೇಳಿದ್ದ. ಚನ್ನೇಶ ಅಮ್ಮನ ಮುಖ ನೋಡಿದ, ಗೇಟಿನ ಕಡೆ ನೋಡಿದ, ಕ್ಯಾನಿನಲ್ಲಿ ಉಳಿದದ್ದರ ಜೊತೆ ತಂಬಿಗೆಯನ್ನೂ ಟ್ಯಾಂಕಿಗೆ ಬಗ್ಗಿಸಿದ.

ಪ್ರತಿಯೊಂದು ಕೀಲಿನ ಕೆಳಗೂ ಟಿಶ್ಯೂ ಕಾಗದ ಸಿಕ್ಕಿಸಿದ. ಒಂದು ಹನಿ ಸೋರಿದರೂ ಕಾಗದ ಹೇಳಿಬಿಡುತ್ತದೆ. ಬರಿಯ ಪಂಪನ್ನು ಓಡಿಸಿ ಒಂದು ಹಗಲು ಒಂದು ರಾತ್ರಿ ಕಾಯಬೇಕೆಂಬುದು ಪದ್ಧತಿ. ಅವನಿಗೆ ಇದ್ದದ್ದು ಆಟೋ ಬರುವಷ್ಟು ಹೊತ್ತು. ಸ್ವಿಚ್ಚು ಒತ್ತಿದ. ಪಂಪು ಗೊರಗೊರ ಎಂದಿತು, ಗುಳ್ಳೆಗಳು ಎದ್ದವು. ಆಮೇಲೆ ನೀರು ಟ್ಯೂಬು ಹತ್ತಿ, ಬಾಗಿ, ಇಳಿದು, ಸುತ್ತತೊಡಗಿತು. ತುಸು ಬೆಳ್ಳಗಿತ್ತು. ಗಂಗಾಂಬಿಕೆ ಕೈ ಮುಗಿದಳು.

ಗೇಟು ಕಿರ್ರೆಂದಿತು.

“ಬಾಮ್ಮ ಪಲ್ಲವಿ. ಬಿಸ್ಲಲ್ಲಿ ಬಂದಿದೀಯ. ಊಟ?”

“ಆಯ್ತು ಅತ್ತೆ. ಮಜ್ಜಿಗೆ ಇದ್ರೆ ಕೊಡಿ.” ಪಲ್ಲವಿ ಮೇಜಿನ ಬಳಿ ಬಂದು ನಿಂತಳು. “ಮುಗೀತಾ?”

“ಹೂಂ.”

“ನೀರು ಯಾಕೆ ಬೆಳ್ಳಗಿದೆ?”

“ವಿಭೂತಿ.”

ಅವಳು ಅವನ ಮುಖ ನೋಡಿದಳು. ಮುಂದೆ ಏನಾದರೂ ಬರುತ್ತದೇನೋ ಎಂದು ಕಾದಳು. ನಂತರ ಚೀಲಗಳನ್ನು ತಗೊಂಡು ಮಲಗುವ ಕೋಣೆಗೆ ಹೋದಳು. ಬೀರುವಿನ ಬಾಗಿಲು ತೆರೆದ ಸದ್ದು. ಸೀರೆಯ ಹ್ಯಾಂಗರುಗಳು ಒಂದಕ್ಕೊಂದು ತಗುಲಿದ ಸದ್ದು. ಚನ್ನೇಶ ಬಗ್ಗಿ ಟಿಶ್ಯೂ ಕಾಗದಗಳನ್ನು ಪರೀಕ್ಷಿಸಿದ. ಎದ್ದು ಕೋಣೆಯ ಬಾಗಿಲವರೆಗೆ ಹೋದ. ಅವಳ ಬೆನ್ನು ಕಂಡಿತು. ಕುತ್ತಿಗೆಯ ಬಳಿ ಬೆವರಿಗೆ ಕೂದಲು ಅಂಟಿತ್ತು. ಈಗ ಹೇಳಬೇಕು, ಈಗ, ಎಂದುಕೊಂಡ. ಪಂಪಿನ ಸದ್ದಿನಲ್ಲಿ ಏನೋ ವ್ಯತ್ಯಾಸ ಕೇಳಿದಂತಾಗಿ ವಾಪಸು ಬಂದ. ವ್ಯತ್ಯಾಸವೇನೂ ಇರಲಿಲ್ಲ.

ತುಂಬಿದ ಚೀಲಗಳು ಹಾಲಿಗೆ ಬಂದವು.

“ನಾನು ಅವ್ರಿಗೆ ಸಂಜೆ ಹೇಳ್ಬೇಕು,” ಎಂದಳು ಪಲ್ಲವಿ. “ಹೇಳೋದಿದ್ಯಾ ಏನಾದ್ರೂ?”

“ನೋಡು, ಎಲ್ಲೂ ಸೋರಿಲ್ಲ,” ಎಂದ ಚನ್ನೇಶ. “ಒಂದು ಹನೀನೂ ಇಲ್ಲ.”

“ಹೌದು. ನಿಮ್ಮದು ಯಾವತ್ತೂ ಸೋರಲ್ಲ.”

ಅದು ಹೊಗಳಿಕೆಯಲ್ಲವೆಂದು ಅವನಿಗೆ ಅರ್ಥವಾಯಿತು. ಏನು ಮಾಡಬೇಕೆಂದು ತೋಚದೆ ಪೂರ್ತಿ ಯಂತ್ರದ ಗುಂಡಿ ಒತ್ತಿದ. ಪೆಟ್ಟಿಗೆಯೊಳಗೆ ದೀಪಗಳು ಹತ್ತಿದವು. ನೀಲಿ, ನೇರಳೆ, ಹಸಿರು. ಮಾನಿಟರಿನ ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ಒಂದಷ್ಟು ಸಾಲುಗಳು ಮೂಡಿ ನಿಂತವು.

“ಯಾವ ಆಟ ಇದೆ?”

“ಆಟ ಇನ್ನೂ ಹಾಕಿಲ್ಲ. ಅದಕ್ಕೆ ಮುಂಚೆ ವಿಂಡೋಸ್ ಹಾಕ್ಬೇಕು. ಅದೂ ಹಾಕಿಲ್ಲ.”

“ಕೂಸು ಹುಟ್ಟೋಕ್ ಮುಂಚೆ ಕುಲಾವಿ,” ಎಂದು ಮಜ್ಜಿಗೆ ತಂದ ಗಂಗಾಂಬಿಕೆ ನಕ್ಕಳು. ಮಾತು ಬಾಯಿಂದ ಜಾರಿದ ಮೇಲೆ ಮಗ ಸೊಸೆಯರ ಮುಖ ನೋಡಿ, ಒಗ್ಗರಣೆ ಸೀದೀತು ಎಂದು ಒಳಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

ಪಲ್ಲವಿ ನಿಂತೇ ಮಜ್ಜಿಗೆ ಕುಡಿದಳು. ಲೋಟವನ್ನು ಮೇಜಿನ ಮೇಲಿಡಲು ಜಾಗ ಹುಡುಕಿ, ಸಿಗದೆ, ಅವನ ಕೈಗೇ ಕೊಟ್ಟಳು.

“ಚೆನ್ನಾಗಿದೆ,” ಎಂದಳು. ಪೆಟ್ಟಿಗೆಯನ್ನು ನೋಡುತ್ತ ಮನಸಾರೆ ಹೇಳಿದಳು. “ನಾಲ್ಕು ಗಂಟೆ ಬಸ್ಸು ಸಿಗುತ್ತೆ. ಬರ್ಲಾ?”

“ಬಿಟ್ಟು ಬರ್ಲಾ ಬಸ್ ಸ್ಟ್ಯಾಂಡಿಗೆ?”

“ಬೇಡ, ಇದನ್ನ ನೋಡ್ಕೊಳಿ. ಆಗ ನೋಡ್ದೆ ನಿಮ್ಮನ್ನ, ಬಸ್ ಸ್ಟ್ಯಾಂಡಲ್ಲಿ. ಅವಸರದಲ್ಲಿದ್ರಿ.”

ಗೇಟು ಮತ್ತೆ ಕಿರ್ರೆಂದಿತು. ಒಂದು ಚೀಲ ಹಿಡಿದು ಅಮ್ಮ ಆಟೋದವರೆಗೂ ಹೋದಳೆಂದು ಚಪ್ಪಲಿಯ ಸದ್ದಿನಿಂದ ತಿಳಿಯಿತು. ಚನ್ನೇಶ ಮಜ್ಜಿಗೆಯ ಲೋಟ ಹಿಡಿದುಕೊಂಡೇ ಕೂತಿದ್ದ.

ಪರದೆಯ ಮೂಲೆಯಲ್ಲಿ ಪ್ರಾಸೆಸರಿನ ಉಷ್ಣಾಂಶ ತೋರಿಸುತ್ತಿತ್ತು. ಕೋಣೆಯ ಬಿಸಿ ಎಷ್ಟೋ ಹೆಚ್ಚುಕಡಿಮೆ ಅಷ್ಟೇ. ಮಾಡಲು ಕೆಲಸವಿಲ್ಲದ ಯಂತ್ರ ಕಾಯುವುದಾದರೂ ಹೇಗೆ? ಆದರೂ ನೀರು ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇತ್ತು, ಬಿಸಿಯಾಗದ್ದನ್ನು ತಣ್ಣಗೆ ಮಾಡುತ್ತ.

ಅವನು ಟಿಶ್ಯೂ ಕಾಗದಗಳನ್ನು ಒಂದೊಂದಾಗಿ ಎಳೆದು ತೆಗೆದ. ಒಣಗಿದ್ದವು. ಎಲ್ಲವೂ ಒಣಗಿದ್ದವು. ಒಂದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಕಲೆಯೇನಾದರೂ ಇದೆಯೇ ಎಂದು ಹುಡುಕಿದ.

ಚಿಕ್ಕವನಿದ್ದಾಗ ಅವನೂ ಲಿಂಗಪೂಜೆ ಮಾಡುತ್ತಿದ್ದ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡರೆ ಅಮ್ಮ ಮೇಲಿನಿಂದ ನೀರು ಎರೆಯುತ್ತಿದ್ದಳು. ನೀರು ಬೆರಳ ಸಂದಿಯಿಂದ ಸೋರಿ ಮೊಣಕೈವರೆಗೂ ಇಳಿದು ಅಂಗಿ ಒದ್ದೆಯಾಗುತ್ತಿತ್ತು. ಗಟ್ಟಿಯಾಗಿ ಹಿಡ್ಕೋಬೇಡ್ವೋ, ಸೋರ್ಲಿ ಬಿಡು ಎನ್ನುತ್ತಿದ್ದಳು. ಕಾಲೇಜು ಸೇರಿದ ಮೇಲೆ ಅದನ್ನೂ ಬಿಟ್ಟಿದ್ದ.

ಬೀದಿಯಲ್ಲಿ ಆಟೋ ಹೊರಟ ಸದ್ದು ಕೇಳಿಸಿ, ಸಣ್ಣಗಾಗಿ, ಅಡಗಿತು. ಚನ್ನೇಶ ಎಡಗೈಯನ್ನು ಗಾಜು ತೆರೆದ ಪೆಟ್ಟಿಗೆಯೊಳಗೆ ತೂರಿಸಿ, ಮಧ್ಯಾಹ್ನ ತಾನೇ ಬಿಗಿದಿದ್ದ ಆ ಕೊನೆಯ ಕೀಲಿನ ಕೆಳಗೆ ಅಂಗೈ ಚಾಚಿದ. ಕೈ ನೀಲಿಯಾಯಿತು, ನೇರಳೆಯಾಯಿತು, ಹಸಿರಾಯಿತು. ಅಮ್ಮ ಒಳಗೆ ಬಂದು, ಏನು ಮಾಡ್ತಿದೀಯೋ ಎಂದು ಕೇಳಿದಳು. ಅವನು ಕೈ ತೆಗೆಯಲಿಲ್ಲ. ಒಂದು ಹನಿ ಬೀಳಲೆಂದು ಕಾಯುತ್ತಿದ್ದ.