ಠಾಣೆಗೆ ಒಯ್ದ ಬುತ್ತಿ

ಪಟ್ಟಿಮಾಂಗ್ ಎಂಬ ತನ್ನ ಹೆಸರು ಆಕೆಗೇ ಮರೆತುಹೋದಂತಿತ್ತು. ಲಾಪೆರೊದ ಮೀನುಗಾರರ ಕೇರಿಗೆಲ್ಲ ಆಕೆ ‘ಇಂದೊ ಸಾಹಾರ್’, ಸಾಹಾರನ ತಾಯಿ. ಮಗ ಪೊಲೀಸಾದ ಮೇಲೆ ಆ ಕರೆಗೊಂದು ತೂಕ ಬಂದಿತ್ತು. ಮದುವೆಮನೆಗೆ ಹೋದರೆ ಮುಂದಿನ ಸಾಲಿನ ಚಾಪೆ, ದೋಣಿ ದಡ ಮುಟ್ಟಿದರೆ ಒಳ್ಳೆಯ ಮೀನು ಮೊದಲು ಆಕೆಗೆ. ಆಕೆಗೂ ಅದು ಹಿತವಾಗಿಯೇ ಇತ್ತು.

ಆ ರಂಜಾನಿನಲ್ಲಿ ಪಕ್ಕದ ಮನೆಯ ತಹಾಂಗನನ್ನು ಪೊಲೀಸರು ಹಿಡಿದುಕೊಂಡು ಹೋದರು. ಸಾಹುಕಾರನೊಬ್ಬನ ದೋಣಿಯ ಎಂಜಿನ್ ಕಳುವಾಗಿತ್ತು. ತಹಾಂಗ್ ಆ ದೋಣಿಯಲ್ಲಿ ಕೂಲಿಗೆ ಹೋಗುತ್ತಿದ್ದ. ಸಾಹಾರನ ಓರಗೆಯವನು. ಚಿಕ್ಕಂದಿನಲ್ಲಿ ಇಬ್ಬರೂ ಎತ್ತರದ ಕಂಬಗಳ ಮೇಲೆ ಕಟ್ಟಿದ ಇದೇ ಮನೆಯ ಅಡಿಯಲ್ಲಿ ಗೋಲಿ ಆಡಿದವರು, ಇಂದೊ ಕೊಟ್ಟ ಕಡುಬನ್ನು ಕಿತ್ತಾಡಿಕೊಂಡು ತಿಂದವರು.

ಅವನ ಹೆಂಡತಿ ಬೆಸ್ಸೆ ಓಡಿಬಂದು ಏಣಿಯ ಬುಡದಲ್ಲಿ ನಿಂತಳು. “ಇಂದೊ, ನಿಮ್ಮ ಮಗನಿಗೆ ಒಂದು ಮಾತು ಹೇಳಿ. ಇವರು ಕದಿಯೋರಲ್ಲ ಅಂತ ನಿಮಗೇ ಗೊತ್ತಲ್ಲ.”

“ಸಾಹಾರ್ ಅಲ್ಲೇ ಇದ್ದಾನಲ್ಲ, ಯಾಕೆ ಹೆದರ್ತೀಯ? ನಾಲ್ಕು ಮಾತು ಕೇಳಿ ಬಿಟ್ಟುಬಿಡ್ತಾರೆ,” ಎಂದಳು ಇಂದೊ. ನಂಬಿಯೇ ಹೇಳಿದ್ದಳು.

ಮರುದಿನ ಸಂಜೆ, ಉಪವಾಸ ಬಿಡುವ ಹೊತ್ತಿಗೆ, ಮಗನಿಗೆಂದು ಬುತ್ತಿ ಕಟ್ಟಿಕೊಂಡು ಠಾಣೆಗೆ ಹೋದಳು. ಅನ್ನ, ಸುಟ್ಟ ಮೀನು, ಎಲೆಯಲ್ಲಿ ಬೇಯಿಸಿದ ಬಾಳೆಹಣ್ಣಿನ ಕಡುಬು. ಸಾಹಾರನ ತಾಯಿಯೆಂದು ಯಾರೂ ತಡೆಯಲಿಲ್ಲ; ಹಿಂಬಾಗಿಲಿನಿಂದಲೇ ಒಳಗೆ ಬಂದಳು. ಪಕ್ಕದ ಕೋಣೆಯಲ್ಲಿ ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆಯುವಂಥ ಸದ್ದು. ಬಾಗಿಲು ತೆರೆದು ಸಾಹಾರ್ ಹೊರಗೆ ಬಂದ. ಅಂಗಿಯ ತೋಳು ಮೇಲಕ್ಕೆ ಮಡಚಿದ್ದ, ಬೆವರಿದ್ದ, ಕೈಯಲ್ಲಿ ರಬ್ಬರ್ ಪೈಪಿನ ತುಂಡಿತ್ತು. ಅವನ ಬೆನ್ನ ಹಿಂದೆ ತಹಾಂಗ್ ನೆಲದ ಮೇಲೆ ಬಿದ್ದಿದ್ದ. ಮೈಮೇಲೆ ಒಂದು ಚೂರು ಬಟ್ಟೆಯಿಲ್ಲ. ಅವನ ಬಲಗೈ ಬೆರಳುಗಳ ಮೇಲೆ ಮೇಜಿನ ಕಾಲು ಊರಿತ್ತು. ಮೇಜಿನ ಮೇಲೆ ಠಾಣೆಯ ಸಾಹೇಬ ಕಾಲಾಡಿಸುತ್ತ ಕೂತಿದ್ದ; ಪಕ್ಕದಲ್ಲಿ ಇನ್ನೊಬ್ಬ ಪೇದೆ ನಿಂತಿದ್ದ.

“ಇಂದೊ!” ತಹಾಂಗ್ ಅವಳನ್ನು ನೋಡಿಬಿಟ್ಟಿದ್ದ. “ಇಂದೊ, ಇವರಿಗೆ ಹೇಳಿ!”

ಅಷ್ಟರಲ್ಲಿ ಉಪವಾಸ ಬಿಡುವ ಹೊತ್ತಾಯಿತೆಂದು ಮಸೀದಿಯ ನಗಾರಿ ಮೊಳಗಿತು. ಸಾಹಾರ್ ಬಾಗಿಲು ಎಳೆದುಕೊಂಡು, ನಲ್ಲಿಯಲ್ಲಿ ಕೈ ತೊಳೆದು, ಒಂದು ಖರ್ಜೂರ ಬಾಯಿಗೆ ಹಾಕಿಕೊಂಡ. “ನೀನ್ಯಾಕೆ ಬರೋಕೆ ಹೋದೆ? ಯಾರ ಹತ್ರನಾದ್ರೂ ಕಳಿಸಬಾರದಿತ್ತಾ?”

“ಕಡುಬು ಬಿಸಿ ಇದೆ. ಆರೋಕೆ ಮುಂಚೆ ತಿನ್ನು,” ಎಂದಳು ಇಂದೊ. ಅಷ್ಟೇ ಹೇಳಿ, ಬುತ್ತಿ ಬಿಚ್ಚಿ ಬಡಿಸಿಟ್ಟು ಬಂದುಬಿಟ್ಟಳು.

ಕೆಲವು ದಿನ ಕಳೆದು ಎಂಜಿನ್ ಬೇರೆ ಊರಿನಲ್ಲಿ ಬೇರೆಯವನ ಬಳಿ ಸಿಕ್ಕಿತು. ತಹಾಂಗನನ್ನು ಇಬ್ಬರು ಹೊತ್ತು ತಂದು ಮನೆಯ ಕೆಳಗಿನ ಬಿದಿರ ಮಂಚದ ಮೇಲೆ ಮಲಗಿಸಿ ಹೋದರು. ಬಲಗೈ ಬೆರಳು ಮಡಚಲು ಬಾರದು, ಒಂದು ಕಿವಿ ಕೇಳಿಸದು. ತಪ್ಪಿಸಿಕೊಳ್ಳಲು ಓಡಿ ಮೆಟ್ಟಿಲಿಂದ ಉರುಳಿದ ಎಂದು ಠಾಣೆಯವರು ಹೇಳಿದರು. ಲಾಪೆರೊ ಠಾಣೆಗೆ ಮೆಟ್ಟಿಲೇ ಇರಲಿಲ್ಲ.

ಬೆಸ್ಸೆ ಸುಮ್ಮನಿರುವ ಹೆಂಗಸಲ್ಲ. ಬಸ್ಸು ಹತ್ತಿ ಮಕಾಸ್ಸರ್ ನಗರಕ್ಕೆ ಹೋಗಿ, ಬಡವರ ಪರವಾಗಿ ವಾದಿಸುವ ರಾಮ್ಲಾ ಎಂಬ ವಕೀಲೆಯನ್ನು ಕರೆತಂದಳು. ದೂರು ದಾಖಲಾಯಿತು. ಆದರೆ ಕಣ್ಣಾರೆ ಕಂಡವರು ಬೇಕಿತ್ತು. ಬೆಸ್ಸೆ ಮತ್ತೆ ಏಣಿಯ ಬುಡಕ್ಕೆ ಬಂದಳು.

“ಅವತ್ತು ಸಂಜೆ ನಿಮ್ಮನ್ನ ಅಲ್ಲಿ ನೋಡಿದೆ ಅಂತಾರೆ ಇವರು. ಹೋಗಿದ್ರಾ ಇಂದೊ?”

“ಇಲ್ಲಮ್ಮ. ಅವತ್ತು ನನಗೆ ಮೈ ಹುಷಾರಿರಲಿಲ್ಲ. ನೋವಲ್ಲಿ ಅವನಿಗೆ ಯಾರೋ ನನ್ನ ಹಾಗೆ ಕಂಡಿರಬೇಕು.”

ಬೆಸ್ಸೆ ಆಕೆಯ ಮುಖವನ್ನೇ ಒಂದು ಗಳಿಗೆ ನೋಡಿ ಹೊರಟುಹೋದಳು. ಉಪವಾಸದ ಬಾಯಲ್ಲಿ ಸುಳ್ಳಾಡಿದ ಇಂದೊ ಆ ಸಂಜೆ ನಗಾರಿ ಕೇಳಿದ ಮೇಲೂ ನೀರು ಮುಟ್ಟಲಿಲ್ಲ. ಆಮೇಲೆ ಆಕೆ ಕೇರಿಯ ಹೆಂಗಸರ ನಡುವೆ ಕೂರುವುದನ್ನು ಬಿಟ್ಟಳು. ಯಾರಾದರೂ ನಕ್ಕರೆ ತನ್ನನ್ನು ನೋಡಿಯೇ ನಕ್ಕರೆನಿಸುವುದು. ಯಾರಾದರೂ ಗೌರವ ಕೊಟ್ಟರೆ ಅದು ಇನ್ನೂ ಹಿಂಸೆ.

ಹಬ್ಬ ಬಂತು. ಬೆಳಗಿನ ನಮಾಜು ಮುಗಿಸಿ ಕಿರಿಯರೆಲ್ಲ ಮನೆಮನೆಗೆ ಹೋಗಿ ಹಿರಿಯರಲ್ಲಿ ಕ್ಷಮೆ ಕೇಳುವುದು ಪದ್ಧತಿ. ಇಂದೊಳ ಮನೆ ತುಂಬ ಜನ. ಸಾಹಾರ್ ಹೊಸ ಬಟ್ಟೆ ತೊಟ್ಟು ಒಳಗೆ ಕೂತಿದ್ದ. ಇದ್ದಕ್ಕಿದ್ದಂತೆ ಮಾತೆಲ್ಲ ನಿಂತಿತು. ತಹಾಂಗ್ ಏಣಿಯನ್ನು ಒಂದೊಂದೇ ಮೆಟ್ಟಿಲಾಗಿ ಹತ್ತಿ ಬರುತ್ತಿದ್ದ.

ಬಂದವನೇ ಮಂಡಿಯೂರಿದ. ಮಡಚಲಾಗದ ಬೆರಳುಗಳಿಂದ ಆಕೆಯ ಕೈಯನ್ನು ಹೇಗೋ ಹಿಡಿದು ಹಣೆಗೆ ಒತ್ತಿಕೊಂಡ. “ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಮನಸ್ಸಿಗೆ ಹಚ್ಚಿಕೋಬೇಡಿ ಇಂದೊ.”

ಅಣಕವೋ, ಅಭ್ಯಾಸಬಲವೋ, ಆಕೆಗೆ ತಿಳಿಯಲಿಲ್ಲ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಪ್ರತಿವರ್ಷ ಬರುತ್ತಿದ್ದ, ಈ ವರ್ಷವೂ ಬಂದಿದ್ದ. ಹಿರಿಯಳು ಹೇಳಬೇಕಾದ ಹಾರೈಕೆಯ ಮಾತು ಆಕೆಯ ಬಾಯಿಂದ ಹೊರಡಲೇ ಇಲ್ಲ. ಭೂಮಿ ಬಾಯ್ಬಿಟ್ಟರೆ ಇಳಿದುಹೋಗುತ್ತಿದ್ದಳು. ಒಳಗಿನಿಂದ ಸಾಹಾರ್ ಕೂಗಿದ: “ಏನ್ ತಹಾಂಗ್, ಚೆನ್ನಾಗಿದ್ದೀಯಾ? ಕಡುಬು ತಿಂದು ಹೋಗು.”

ಹಬ್ಬದ ಮೂರನೆಯ ದಿನ ಇಂದೊ ಒಬ್ಬಳೇ ಬಸ್ಸು ಹತ್ತಿ ರಾಮ್ಲಾಳ ಕಚೇರಿಗೆ ಹೋದಳು.

ಸುದ್ದಿ ತಿಳಿದು ಸಾಹಾರ್ ಬಿರುಗಾಳಿಯಂತೆ ಬಂದ. “ನಿಂಗೆ ತಲೆ ಕೆಟ್ಟಿದೆಯಾ? ಯಾರು ಹೇಳಿಕೊಟ್ರು ಇದನ್ನೆಲ್ಲ?”

“ನಾನು ನೋಡಿದ್ದನ್ನ ಬೇರೆಯವರು ಯಾಕೆ ಹೇಳಿಕೊಡಬೇಕು?”

“ಸಾಹೇಬ್ರು ಹೇಳಿದ್ರು, ಮಾಡಿದೆ. ನಾನು ಮಾಡದಿದ್ರೆ ಇನ್ನೊಬ್ಬ ಮಾಡ್ತಿದ್ದ. ಹೆತ್ತ ಮಗನ ಕುತ್ತಿಗೆಗೆ ಹಗ್ಗ ಹಾಕ್ತೀಯಲ್ಲ, ಕೇರಿಯವರು ನಿನ್ನ ಮುಖಕ್ಕೆ ಉಗೀತಾರೆ!”

“ಉಗೀಲಿ. ನೀನು ಅದೇ ಕೈಯಲ್ಲಿ ಉಂಡೆಯಲ್ಲ ಮಗನೇ. ನಾನು ಬಡಿಸಿ ಬಂದೆನಲ್ಲ.” ಸಾಹಾರ್ ಬಾಗಿಲನ್ನು ಒದ್ದು ಇಳಿದುಹೋದ.

ನ್ಯಾಯಾಲಯದಲ್ಲಿ ನ್ಯಾಯಾಧೀಶರು ಮೃದುವಾಗಿಯೇ ಹೇಳಿದರು: “ತಾಯಿ, ನೀವು ಆರೋಪಿಯ ಹೆತ್ತವರು. ಸಾಕ್ಷಿ ಹೇಳದೆ ಎದ್ದುಹೋಗೋಕೆ ಕಾನೂನು ನಿಮಗೆ ಅವಕಾಶ ಕೊಟ್ಟಿದೆ.”

ಇಂದೊ ಏಳಲಿಲ್ಲ. ಕಂಡದ್ದನ್ನು ಕಂಡಂತೆ ಹೇಳಿದಳು. ಪೈಪು, ಮೇಜು, ಅದರ ಮೇಲೆ ಕೂತ ಸಾಹೇಬ, ಬೆತ್ತಲೆ ಬಿದ್ದಿದ್ದ ತಹಾಂಗ್. ಅವನು ತನ್ನನ್ನು ಕರೆದದ್ದನ್ನೂ ಹೇಳಿದಳು. ಸಾಹಾರನ ವಕೀಲ ಎದ್ದು ನಿಂತ.

“ಕರೆದಾಗ ನೀವೇನು ಮಾಡಿದ್ರಿ?”

“ಮಗನಿಗೆ ಕಡುಬು ತಿನ್ನು ಅಂದೆ.”

“ನಿಜವಾಗಿ ಅಂಥದ್ದು ನೋಡಿದ ಹೆಂಗಸು ಕೂಗದೆ ಇರ್ತಾಳಾ? ಸುಮ್ಮನೆ ಮನೆಗೆ ಹೋಗ್ತಾಳಾ?”

“ಹೋಗಬಾರದು ಸ್ವಾಮಿ. ನಾನು ಹೋದೆ. ಬೆಸ್ಸೆ ಕೇಳಿದಾಗ ಸುಳ್ಳೂ ಹೇಳಿದೆ.” ತಲೆಯ ಮೇಲಿನ ಬಟ್ಟೆಯನ್ನು ಹಣೆಯವರೆಗೆ ಎಳೆದುಕೊಂಡಳು. ಎರಡು ಮಾರು ದೂರದಲ್ಲಿ ಸಾಹಾರ್ ಕೂತಿದ್ದ. ಇಡೀ ಹೊತ್ತು ಅವನು ತಲೆಯೆತ್ತಲಿಲ್ಲ, ಆಕೆಯೂ ಅವನತ್ತ ನೋಡಲಿಲ್ಲ.

ಸಾಹಾರನಿಗೂ ಆ ಇನ್ನೊಬ್ಬ ಪೇದೆಗೂ ಎರಡು ವರ್ಷ ಜೈಲಾಯಿತು. ಮೇಜಿನ ಮೇಲೆ ಕೂತಿದ್ದ ಸಾಹೇಬನ ಮೇಲೆ ಮೊಕದ್ದಮೆಯೇ ಆಗಲಿಲ್ಲ; ಅವನಿಗೆ ಬೇರೆ ಊರಿಗೆ ವರ್ಗವಾಯಿತು. ರಾಮ್ಲಾ ಅವನನ್ನೂ ಕಟಕಟೆಗೆ ತರಲು ಮತ್ತೆ ಅರ್ಜಿ ಹಾಕಿದಳು. ಇಂದೊ ತಿಂಗಳಿಗೊಮ್ಮೆ ಜೈಲಿಗೆ ಹೋಗಿ ಕಾಯುತ್ತಾಳೆ. ಮಗ ಹೊರಗೆ ಬಂದು ನೋಡುವುದಿಲ್ಲ.

ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಬೆಸ್ಸೆ ಎದುರಾದಳು. ತೀರ್ಪಿನ ನಂತರ ಇಬ್ಬರೂ ಮಾತಾಡಿರಲಿಲ್ಲ. ಕೊಡ ಕೆಳಗಿಟ್ಟು ಬೆಸ್ಸೆ ಹೇಳಿದಳು: “ಎಲ್ಲರೂ ನಿಮ್ಮನ್ನ ಹೊಗಳ್ತಾರೆ. ದೊಡ್ಡ ಮನಸ್ಸು ಅಂತಾರೆ. ನನಗೆ ಹಾಗನ್ನೋಕೆ ಆಗ್ತಿಲ್ಲ ಇಂದೊ. ಅವತ್ತೇ ನೀವು ಒಂದು ಸಲ ಕೂಗಿದ್ರೆ ಇವರ ಕೈ ಉಳೀತಿತ್ತೇನೋ.”

“ಹೌದು,” ಎಂದಳು ಇಂದೊ.

ಬೆಸ್ಸೆ ಕೊಡ ಎತ್ತಿಕೊಳ್ಳುತ್ತ, “ಸಾಹೇಬನ ಕೇಸಿಗೆ ನಿಮ್ಮನ್ನ ಮತ್ತೆ ಕರೀಬಹುದು ಅಂತ ಲಾಯರಮ್ಮ ಹೇಳಿದಾರೆ,” ಎಂದಳು.

“ಬರ್ತೀನಿ. ಯಾವಾಗ ಕರೆದ್ರೂ ಬರ್ತೀನಿ.”

ಬೆಸ್ಸೆ ತಲೆಯಾಡಿಸಿ ನಡೆದಳು. ಇಂದೊ ಅವಳು ಕೇರಿಯ ತಿರುವು ದಾಟುವವರೆಗೆ ಅಲ್ಲೇ ನಿಂತಿದ್ದು, ಆಮೇಲೆ ನೀರು ಸೇದಲು ಹಗ್ಗ ಇಳಿಬಿಟ್ಟಳು.