ಹಳದಿ ಕವರು ಹೋದ ದಿಕ್ಕು

ಹೆಡ್‌ಮಾಸ್ಟರ್ ಸುಬ್ಬಪ್ಪನವರಿಗೆ ಗೊತ್ತಿಲ್ಲದ ವಿಷಯ ಎಂಬುದೇ ಇರಲಿಲ್ಲ. ಗೊತ್ತಿಲ್ಲದ್ದು ಏನಾದರೂ ಎದುರಾದರೆ ಅವರು ನಕ್ಕುಬಿಡುತ್ತಿದ್ದರು, ಅಲ್ಲಿಗೆ ಆ ವಿಷಯ ಮುಗಿಯಿತು. ಘಟ್ಟದ ಮೇಲೆ, ಬಾಳಗಡಿಯಾಚೆಯ ಆ ಪ್ರೌಢಶಾಲೆಗೆ ವಿಜ್ಞಾನ ಕಲಿಸಲು ಬಂದ ಗೋದಾವರಿಗೆ ಆ ನಗೆ ಕಿವಿಗೆ ಬಿದ್ದರೆ ಸಾಕು, ಮೈ ಉರಿಯುತ್ತಿತ್ತು. ಇಪ್ಪತ್ತೈದು ವರ್ಷ ಭೂಗೋಳ ಪಾಠ ಮಾಡಿದ ಮನುಷ್ಯ, ಭೂಪಟ ಬಿಚ್ಚಿದ್ದನ್ನು ಕಂಡವರಿಲ್ಲ. ಮಕ್ಕಳು ಮೆಲ್ಲಗೆ ಉತ್ತರ ಹೇಳಿದರೆ ಮಾತ್ರ ಬೆತ್ತ ಬಡಿದು, "ಹಿಂದಿನ ಬೆಂಚಿಗೆ ಕೇಳ್ಲಿಲ್ಲ!" ಎಂದು ಗದರುವುದು. ಅವರ ಪಾಂಡಿತ್ಯವೆಲ್ಲ ಅಷ್ಟೇ.

ಎರಡು ಸಾವಿರದ ಆರನೆಯ ಇಸವಿ, ಜನವರಿ. ಗೋದಾವರಿ ಒಂಬತ್ತನೇ ತರಗತಿಗೆ ಅಳಿವೆಯ ಪಾಠ ತೆಗೆದುಕೊಂಡಿದ್ದಳು. ಹೊಳೆ ಸಮುದ್ರ ಸೇರುವ ಜಾಗ, ಸಿಹಿನೀರಿಗೆ ಉಪ್ಪುನೀರು ಬೆರೆಯುವ ಜಾಗ. ಆದರೆ ಆ ಮಕ್ಕಳು ಕಂಡ ಹೊಳೆಯೆಂದರೆ ತುಂಗೆ. ಅದು ಹತ್ತಿರದ ಸಮುದ್ರಕ್ಕೆ ಬೆನ್ನು ಹಾಕಿ ಮೂಡಲಿಗೆ ಹೋಗುತ್ತದೆ, ಮಳೆ ಬಂದರೆ ಏರುತ್ತದೆ, ಮಳೆ ಬಿಟ್ಟರೆ ಇಳಿಯುತ್ತದೆ. ದಿನಕ್ಕೆರಡು ಸಲ ಏರಿಳಿಯುವ ಹೊಳೆ ಇದೆಯೆಂದರೆ ನಂಬುವುದು ಹೇಗೆ? ಗೋದಾವರಿ ಪರಾತದಲ್ಲಿ ಮರಳು ಗುಡ್ಡೆ ಮಾಡಿ, ನೀಲಿ ಕಲಸಿದ ಉಪ್ಪುನೀರು ಹೊಯ್ದು, ಓರೆ ಮಾಡಿ ತೋರಿಸಿದಳು. "ಉಬ್ಬರದ ಹೊತ್ತಿಗೆ ಅಲ್ಲಿ ಹೊಳೆ ಹಿಂದಕ್ಕೆ ಹರೀತದೆ" ಎಂದಳು. ಉಡುಪಿಯಲ್ಲಿ ಬಿ.ಎಡ್. ಓದುವಾಗ ಅವಳು ಅದನ್ನು ಕಣ್ಣಾರೆ ಕಂಡಿದ್ದಳು.

ಕಾವ್ಯ ಎಂಬ ಹುಡುಗಿ ಈ ಸಂಗತಿಯನ್ನು ಮನೆಗೆ ಒಯ್ದಳು. ಅವಳ ಅಜ್ಜ ಹೂವಪ್ಪ ಪೋಷಕರ ಸಮಿತಿಯ ಅಧ್ಯಕ್ಷರು. ಮುಂದಿನ ಸಭೆಯಲ್ಲಿ ಎದ್ದು ನಿಂತು ಕೇಳಿಯೇಬಿಟ್ಟರು.

"ಎಂತ ಮೇಡಂ, ಹೊಳೆ ವಾಪಸ್ ಬರ್ತದೆ ಅಂದ್ರಂತೆ? ನಾನು ಹುಟ್ಟಿದಾಗಿಂದ ತುಂಗೆ ದಡದಲ್ಲೇ ಇದೀನಿ ಮಾರಾಯ್ರೆ. ಹೋದ ನೀರು ಒಂದಿನಾನೂ ತಿರುಗಿ ಬಂದಿದ್ದಿಲ್ಲ."

ಹೂವಪ್ಪ ಕೇಳಿದ್ದರಲ್ಲಿ ಕೊಂಕಿರಲಿಲ್ಲ. ಕೊಂಕೆಲ್ಲ ಸುಬ್ಬಪ್ಪನವರ ಪಾಲಿಗೆ ಬಂದಿತ್ತು. ಅವರು ಹೊಟ್ಟೆ ಕುಣಿಸಿ ನಕ್ಕರು. "ಇನ್ನೊಂದ್ಸಲ ಹೇಳಿ ಮೇಡಂ, ಹಿಂದಿನ ಬೆಂಚಿಗೆ ಕೇಳ್ಲಿಲ್ಲ!" ಎಂದರು. ಸಭೆಯೆಲ್ಲ ನಕ್ಕಿತು. ಗೋದಾವರಿ ಹಲ್ಲು ಕಚ್ಚಿಕೊಂಡು ಇನ್ನೊಮ್ಮೆ ಹೇಳಿದಳು; ಇನ್ನೊಮ್ಮೆ ನಕ್ಕರು.

"ಹೆಂಗೂ ಉಡುಪಿ ಪ್ರವಾಸ ಇದೆ. ಕರ್ಕೊಂಡು ಹೋಗಿ ತೋರಿಸಿ" ಎಂದರು ಸುಬ್ಬಪ್ಪ. "ಹೊಳೆ ಹಿಂದೆ ಬರಲಿಲ್ಲ ಅಂದ್ರೆ ಸೋಮವಾರ ಪ್ರಾರ್ಥನೆ ಹೊತ್ತಿಗೆ ಎಲ್ಲಾ ಮಕ್ಕಳ ಎದುರು ತಪ್ಪು ಪಾಠ ಮಾಡಿದೆ ಅಂತ ಒಪ್ಪಿಕೊಳ್ಬೇಕು. ಆಗಬಹುದಾ?"

"ಆಗಬಹುದು" ಎಂದಳು ಗೋದಾವರಿ. ಒಮ್ಮೆ ಹಾಗೆ ತಪ್ಪೊಪ್ಪಿಕೊಂಡರೆ ಆಮೇಲೆ ತಾನು ಹೇಳಿದ ಯಾವುದನ್ನೂ ಆ ಮಕ್ಕಳು ನಂಬುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಉಡುಪಿಯ ಗೆಳತಿಗೆ ಫೋನು ಮಾಡಿ ಇಳಿತದ ಹೊತ್ತು, ಉಬ್ಬರದ ಹೊತ್ತು ಕೇಳಿಕೊಂಡಳು. ಬೆಳಿಗ್ಗೆ ಬೇಗ ಮುಟ್ಟಿದರೆ ಇಳಿತದಲ್ಲಿ ಬಯಲಾಗುವ ಕೆಸರು, ಏಡಿಯ ಬಿಲ, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡದ ಬೇರು ಎಲ್ಲ ತೋರಿಸಬಹುದು. ಆಮೇಲೆ ಉಬ್ಬರ ಶುರುವಾದಾಗ ನೀರಿಗೆ ತೇಲಿಬಿಡಲು ಅಡಿಕೆ ಹಾಳೆಗಳನ್ನು ಕತ್ತರಿಸಿ, ಕೆಂಪು ಬಣ್ಣ ಬಳಿದು, ಗೋಣಿಚೀಲದಲ್ಲಿ ತುಂಬಿದಳು.

ನಮ್ಮ ಕಡೆ ಶಾಲಾ ಪ್ರವಾಸವೆಂದರೆ ಗೊತ್ತಲ್ಲ, ಹೆಸರಿಗೆ ಶಾಲೆಯದು, ಹೋಗುವುದು ತೀರ್ಥಯಾತ್ರೆಗೆ. ಹೊಳೆ ತಿರುಗುವುದನ್ನು ನೋಡಿಯೇಬಿಡೋಣವೆಂದು ಹೂವಪ್ಪನವರೂ ಬಸ್ಸು ಹತ್ತಿದ್ದರು. ಬಸ್ಸು ಆಗುಂಬೆ ಘಾಟಿ ಇಳಿದದ್ದೇ ಸುಬ್ಬಪ್ಪ, "ಮೊದಲು ದೇವರು, ಆಮೇಲೆ ನಿಮ್ಮ ಕೆಸರು" ಎಂದುಬಿಟ್ಟರು. ಉಡುಪಿಯಲ್ಲಿ ದರ್ಶನವಾಯಿತು, ತಿಂಡಿಯಾಯಿತು, ಸುಬ್ಬಪ್ಪನವರಿಗೆ ಎರಡನೆಯ ಮಸಾಲೆದೋಸೆಯೂ ಆಯಿತು. ಅವರು ಚಟ್ನಿ ಬಳಿದು ಬಳಿದು ತಿನ್ನುತ್ತಿದ್ದರೆ ಅತ್ತ ಇಳಿತ ಮುಗಿಯುತ್ತಿತ್ತು. ಇಂಥವನಿಗೆ ಶಾಲೆ ಕೊಟ್ಟವರನ್ನು ಏನೆನ್ನಬೇಕು ಎಂದುಕೊಂಡಳು ಗೋದಾವರಿ.

ಅಳಿವೆಗೆ ಬಂದಾಗ ಹತ್ತೂವರೆ. ಶೃಂಗೇರಿ ಕಡೆಯ ಗುಡ್ಡದಲ್ಲಿ ಹುಟ್ಟಿದ ಸೀತಾ ನದಿ ಅಲ್ಲಿ ಹಿನ್ನೀರಿನಷ್ಟು ಅಗಲವಾಗಿ ಹರಡಿಕೊಂಡಿತ್ತು. ಕೆಸರೆಲ್ಲ ಆಗಲೇ ಮುಳುಗಿತ್ತು. ಗೋದಾವರಿ ಬಸ್ಸಿನ ಡಿಕ್ಕಿ ತೆಗೆಸಿದಳು. ಗೋಣಿಚೀಲ ಇರಲಿಲ್ಲ.

"ಆ ಕಸವಾ? ಚಿತ್ರಾನ್ನದ ಪಾತ್ರೆಗೆ ಜಾಗ ಇರ್ಲಿಲ್ಲ. ಶಾಲೆ ಜಗಲಿ ಮೇಲೇ ಇಳಿಸ್ದೆ" ಎಂದರು ಸುಬ್ಬಪ್ಪ, ಹಲ್ಲಿಗೆ ಕಡ್ಡಿ ಹಾಕುತ್ತ.

ಅವಳು ಒಣಗಿದ ಎಲೆ ಆರಿಸಿ ನೀರಿಗೆ ಹಾಕಿದಳು. ಅವು ದಡದ ಮೂಲೆಯಲ್ಲಿ ಸಿಕ್ಕಿ ಅಲ್ಲಲ್ಲೇ ಗಿರಕಿ ಹೊಡೆದವು. "ನೋಡ್ರೋ ಮಕ್ಕಳೆ, ಹೊಳೆ ಹಿಂದೂ ಇಲ್ಲ, ಮುಂದೂ ಇಲ್ಲ. ನಿಂತೇ ಇದೆ!" ಎಂದು ಸುಬ್ಬಪ್ಪ ನಕ್ಕರು. ಮಕ್ಕಳು ಅವಳ ಮುಖ ನೋಡಿದರು. ಕಾವ್ಯ ತಲೆ ತಗ್ಗಿಸಿದಳು. ಗೋದಾವರಿಗೆ ಅಳು ಬಂತು, ಆ ಮನುಷ್ಯನೆದುರು ಅಳುವುದಕ್ಕಿಂತ ಹೊಳೆಗೆ ಹಾರುವುದು ವಾಸಿ ಎನ್ನಿಸಿತು.

ಸುಬ್ಬಪ್ಪನವರಿಗೆ ಈಗ ಪುಣ್ಯದ ನೆನಪಾಯಿತು. ನದಿ, ಸಮುದ್ರ ಸೇರುವ ಸಂಗಮ. ಬಂದವರು ಒಂದು ಮುಳುಗು ಹಾಕದೆ ಹೋಗುವುದುಂಟೆ? ದೋಣಿಯೊಂದರ ಮರೆಗೆ ಹೋಗಿ ಪಂಚೆ, ಅಂಗಿ, ಬನಿಯನ್ನು, ಟವೆಲ್ಲು, ಮಗಳ ಮದುವೆಯಲ್ಲಿ ಬೀಗರು ಕೊಟ್ಟ ವಾಚು, ಎಲ್ಲವನ್ನೂ ಬಟ್ಟೆಯಂಗಡಿಯ ಹಳದಿ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಮರಳು ಹೋಗದಂತೆ ಬಾಯಿ ಬಿಗಿದು ಕಟ್ಟಿದರು. ಶೃಂಗೇರಿಯ ಸ್ನಾನಘಟ್ಟದಲ್ಲಿ ಮೆಟ್ಟಿಲ ಮೇಲೆ ಇಟ್ಟು ನೀರಿಗಿಳಿಯುತ್ತಾರಲ್ಲ, ಹಾಗೆಯೇ ನೀರಿನ ಅಂಚಿಗೆ ಇಟ್ಟು, ಪಟ್ಟೆ ಚಡ್ಡಿಯಲ್ಲಿ ಎದೆಮಟ್ಟ ಇಳಿದು ಕಣ್ಣು ಮುಚ್ಚಿ ಮಂತ್ರ ಶುರುಮಾಡಿದರು.

ನೀರಿನ ಅಂಚು ಮೆಲ್ಲಗೆ ಮೇಲೆ ಬರುತ್ತಿತ್ತು. ಕವರನ್ನು ಮುಟ್ಟಿತು. ಎತ್ತಿತು. ಗೋದಾವರಿ ನೋಡುತ್ತಲೇ ಇದ್ದಳು. ಕೂಗಿ ಹೇಳಬಹುದಿತ್ತು. ಹೇಳಲಿಲ್ಲ.

ಕವರು ಗಾಳಿ ತುಂಬಿಕೊಂಡು ಉಬ್ಬಿ, ದೋಣಿಯ ಪಕ್ಕದಿಂದ ತೇಲಿ ನಡುಹೊಳೆಯ ಸೆಳವಿಗೆ ಸೇರಿತು. ಹಾಗೆ ಸೇರಿದ್ದೇ ತಡ, ಸಮುದ್ರಕ್ಕೆ ಬೆನ್ನು ತಿರುಗಿಸಿ ನೆಟ್ಟಗೆ ಘಟ್ಟದ ಕಡೆ ಹೊರಟಿತು.

"ಟೀಚರ್!" ಎಂದು ಕಾವ್ಯ ಕಿರುಚಿದಳು. "ಮೇಲೆ ಹೋಗ್ತಾ ಇದೆ! ಸಾರ್ ಬಟ್ಟೆ ಮೇಲೆ ಹೋಗ್ತಾ ಇದೆ!"

ಸುಬ್ಬಪ್ಪ ಕಣ್ಣು ಬಿಟ್ಟರು. ಬಟ್ಟೆ ತೇಲಿಹೋದರೆ ಕೆಳಗೇ ಹೋಗಿರಬೇಕೆಂದು ಸಮುದ್ರದ ಕಡೆ ಕಣ್ಣು ಹಾಯಿಸಿ ಹುಡುಕತೊಡಗಿದರು. ಪಾಪ, ಇಪ್ಪತ್ತೈದು ವರ್ಷದ ಭೂಗೋಳ!

"ಅಲ್ಲಲ್ಲ ಸಾರ್, ಈ ಕಡೆ!" ಎಂದು ಮಕ್ಕಳೆಲ್ಲ ಘಟ್ಟದ ಕಡೆ ಕೈ ತೋರಿಸಿದರು.

"ಗಾಳಿ! ಅದು ಗಾಳಿಗೆ!" ಎಂದು ಕೂಗಿದರು ಅವರು.

ದಡದಲ್ಲಿ ಬೀಡಿ ಸೇದುತ್ತಿದ್ದ ಹೂವಪ್ಪ ತಮ್ಮ ಬೀಡಿಯ ಹೊಗೆ ನೋಡಿದರು. ಅದು ಸಮುದ್ರದ ಕಡೆ ಹೋಗುತ್ತಿತ್ತು. ಕವರು ಇತ್ತ ಹೋಗುತ್ತಿತ್ತು. "ಗಾಳಿ ಅತ್ಲಾಗಿದೆ ಮಾರಾಯ್ರೆ" ಎಂದರು ನಿಧಾನವಾಗಿ. "ಹೊಳೆನೇ ತಿರುಗಿದ್ದು."

ನೀರು ಸುಬ್ಬಪ್ಪನವರ ಎದೆಯಿಂದ ಕುತ್ತಿಗೆಗೆ ಬರುತ್ತಿತ್ತು. ದಡಕ್ಕೆ ಬರೋಣವೆಂದರೆ ಹೆಣ್ಣುಮಕ್ಕಳೆಲ್ಲ ಸಾಲಾಗಿ ನಿಂತಿದ್ದಾರೆ. "ಮೇಡಂ, ಡ್ರೈವರ್ ಹತ್ರ ಒಂದು ಟವೆಲ್ ಇಸ್ಕೊಳ್ರಿ!"

ಗೋದಾವರಿ ಟವೆಲ್ಲು ತರಿಸಿದಳು. ತರಿಸಿ ಕೈಯಲ್ಲೇ ಹಿಡಿದುಕೊಂಡಳು.

"ಕೊಡ್ತೀನಿ ಸಾರ್. ಹೊಳೆ ಯಾವ ಕಡೆ ಹರೀತಾ ಇದೆ ಅಂತ ಮಕ್ಕಳಿಗೆ ಹೇಳಿಬಿಡಿ."

"ಮೇಲಕ್ಕೆ" ಎಂದು ಗೊಣಗಿದರು ಸುಬ್ಬಪ್ಪ.

"ಹಿಂದಿನ ಬೆಂಚಿಗೆ ಕೇಳ್ಲಿಲ್ಲ ಸಾರ್."

"ಮೇಲಕ್ಕೆ!" ಎಂದು ಅರಚಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಡ್ರೈವರನ ಟವೆಲ್ಲು ಸುತ್ತಿಕೊಂಡು, ಮೇಲೆ ಹೂವಪ್ಪನವರ ಶಾಲು ಹೊದ್ದು ಕಿಟಕಿಯತ್ತ ಮುಖ ತಿರುಗಿಸಿ ಕೂತಿದ್ದರು. ಇನ್ನಾದರೂ ಬುದ್ಧಿ ಬಂತೇನೋ ಎಂದುಕೊಂಡಳು ಗೋದಾವರಿ. ಆದರೆ ಸೋಮವಾರ ಪ್ರಾರ್ಥನೆ ಮುಗಿದದ್ದೇ ಸುಬ್ಬಪ್ಪ ಎದೆಯುಬ್ಬಿಸಿ ಮುಂದೆ ಬಂದರು.

"ಮಕ್ಕಳೆ, ಅಳಿವೆಯಲ್ಲಿ ಹೊಳೆ ಹಿಂದಕ್ಕೆ ಹರಿಯುತ್ತದೆ. ಅದನ್ನು ನಿಮಗೆ ತೋರಿಸಬೇಕೆಂದೇ ನಾನು ಕವರನ್ನು ನೀರಿಗೆ ಬಿಟ್ಟೆ. ಇದಕ್ಕೆ ಪ್ರಯೋಗ ಎನ್ನುತ್ತಾರೆ."

ಗೋದಾವರಿ ಆ ಮುಖವನ್ನು ನೋಡಿದಳು. ನಾಚಿಕೆಯ ಒಂದು ಗೆರೆಯೂ ಅಲ್ಲಿರಲಿಲ್ಲ. ಇಂಥವರ ಎದುರು ಸಿಟ್ಟು ಕೂಡ ದಂಡ ಎನ್ನಿಸಿತು ಅವಳಿಗೆ. ಅಷ್ಟರಲ್ಲಿ ಒಂಬತ್ತನೇ ತರಗತಿಯ ಸಾಲಿನಿಂದ ಒಂದು ಕೈ ಮೇಲೆದ್ದಿತು. ಕಾವ್ಯ ಸುಬ್ಬಪ್ಪನವರ ಬೋಳು ಮಣಿಕಟ್ಟಿನ ಮೇಲಿದ್ದ ಬಿಳಿ ಪಟ್ಟಿಯನ್ನೇ ನೋಡುತ್ತಿದ್ದಳು.

"ವಾಚೂ ಪ್ರಯೋಗಕ್ಕೇ ಬಿಟ್ಟಿದ್ದಾ ಸಾರ್?"

"ಎಂತ?" ಎಂದರು ಸುಬ್ಬಪ್ಪ.

ಕಾವ್ಯ ಹಿಂದಿನ ಸಾಲಿಗೂ ಕೇಳುವಂತೆ ಇನ್ನೊಮ್ಮೆ ಕೇಳಿದಳು. ಇಡೀ ಶಾಲೆ ನಕ್ಕಿತು. ಮಕ್ಕಳನ್ನು ಸುಮ್ಮನಿರಿಸುವುದು ಆ ದಿನ ಗೋದಾವರಿಯ ಸರದಿಯಾಗಿತ್ತು. ಅವಳು ಕೈಕಟ್ಟಿ ನಿಂತಳು.